ಕಾಲುವೆಗೆ ಪುರಿ, ಕರುಳಿಗೆ ಉಂಗುರ

ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬ್ ನೋಡಿಕೊಳ್ಳುವ ನನ್ನಂಥವರಿಗೆ ಒಂದು ಚಟ ಇರುತ್ತದೆ. ಎಲ್ಲೇ ನೀರು ಹರಿಯಲಿ, ಅದರಲ್ಲಿ ತೇಲುವ ಕಸ ನೋಡುತ್ತಾ ನಿಲ್ಲುವುದು. ಜರ್ಮನಿಯ ವಿಜ್ಞಾನಿ ಲುಡ್ವಿಗ್ ಪ್ರಾಂಡ್ಟ್ಲ್ 1904ರ ಹೊತ್ತಿಗೇ ಕೈಯಿಂದ ಚಕ್ರ ತಿರುಗಿಸಿ ನೀರು ಹರಿಸುವ ತೊಟ್ಟಿ ಕಟ್ಟಿ, ಅಭ್ರಕದ ಪುಡಿ ಉದುರಿಸಿ ಸುಳಿಗಳನ್ನು ನೋಡಿದ್ದರು. ಈಗ ಲೇಸರ್, ಕ್ಯಾಮೆರಾ, ಮೈಕ್ರಾನ್ ಲೆಕ್ಕದ ಟೊಳ್ಳು ಗಾಜಿನ ಕಣಗಳು ಬಂದಿವೆ. ಒಂದೊಂದೇ ಕಣವನ್ನು ಫೋಟೋದಿಂದ ಫೋಟೋಗೆ ಹಿಂಬಾಲಿಸಬೇಕು. ಸರಿದ ದೂರವನ್ನು ನಡುವಿನ ಸಮಯದಿಂದ ಭಾಗಿಸಿದರೆ ವೇಗ ಸಿಕ್ಕಿತು.

ಹಾಸನದ ನಮ್ಮ ಕಾಲೇಜಿನಲ್ಲಿ ಲೇಸರ್ ಸೆಟ್ ಕೊಳ್ಳುವಷ್ಟು ದುಡ್ಡಿಲ್ಲ. ಹಾಗಾಗಿ ಹುಡುಗರನ್ನು ಗೊರೂರಿನ ಕಡೆ ಕಾಲುವೆಗೆ ಕರೆದುಕೊಂಡು ಹೋಗಿ ಪುರಿ ಚೆಲ್ಲಿಸುತ್ತೇನೆ. ದಡದಲ್ಲಿ ಸುಣ್ಣದ ಗುರುತು, ಸೇತುವೆ ಮೇಲಿಂದ ಮೊಬೈಲ್ ವಿಡಿಯೋ. ಮೇಲ್ಮೈಯ ವೇಗವನ್ನು ಸುಮಾರು 0.85ರಿಂದ ಗುಣಿಸಿದರೆ ಮೇಲಿನಿಂದ ತಳದವರೆಗಿನ ನೀರಿನ ಸರಾಸರಿ ವೇಗ. ಜೋರು ಗಾಳಿ ಬೀಸಿದರೆ ಪುರಿ ನೀರಿನ ಮಾತು ಕೇಳಲ್ಲ. ಇನ್ನು ಮೀನುಗಳು ನಮ್ಮ ಡೇಟಾ ತಿಂದುಕೊಂಡೇ ಹೋಗುತ್ತವೆ! ನನಗೆ ವೇಗಕ್ಕಿಂತ ಜಾಸ್ತಿ ಇಷ್ಟ, ಪುರಿ ಎಲ್ಲಿ ಗುಂಪುಗೂಡುತ್ತದೆ ಅನ್ನೋದು. ತೂಬಿನ ಪಕ್ಕ ಸುತ್ತುತ್ತಾ ನಿಂತರೆ ಅಲ್ಲೇನೋ ಅಡ್ಡ ಇದೆ ಅಂತ ಲೆಕ್ಕ.

ಇದೇ ಉಪಾಯ ಹೊಟ್ಟೆಗೂ ಇದೆ ಅಂತ ತಿಳಿದದ್ದು ಚಿಕ್ಕಮಗಳೂರಿನ ಅಕ್ಕನ ಮಗನಿಗೆ ಮಲಬದ್ಧತೆ ಆದಾಗ. ಎಕ್ಸ್‌ರೇಯಲ್ಲಿ ಕಾಣುವ 24 ಪುಟ್ಟ ಉಂಗುರಗಳಿರುವ ಕ್ಯಾಪ್ಸೂಲ್ ನುಂಗಿಸಿ, ಐದನೇ ದಿನ ಎಕ್ಸ್‌ರೇ ತೆಗೆಯುತ್ತಾರೆ. ಉಂಗುರಗಳು ದೊಡ್ಡ ಕರುಳಿನ ತುಂಬ ಚದುರಿ ಉಳಿದಿದ್ದರೆ ಕರುಳೇ ನಿಧಾನ. ಕೊನೆಯಲ್ಲಿ ಗುಂಪಾಗಿದ್ದರೆ ಹೊರಗೆ ಹೋಗುವಲ್ಲಿ ತೊಂದರೆ. ನನಗಂತೂ ಕುತೂಹಲ ತಡೆಯಲಾಗಲಿಲ್ಲ. "ಮಾಡಿಸಿಬಿಡೋಣ ಅಕ್ಕ" ಅಂದೆ.

ಮಕ್ಕಳ ಡಾಕ್ಟರ್ ನಕ್ಕುಬಿಟ್ಟರು. ಬಹಳಷ್ಟು ಮಕ್ಕಳಿಗೆ ಅದು ಬೇಕಿಲ್ಲ, ಹೊಟ್ಟೆ ಮುಟ್ಟಿ ನೋಡಿ, ಮನೆಯವರು ಹೇಳೋದನ್ನ ಸರಿಯಾಗಿ ಕೇಳಿದರೆ ಸಾಕಂತೆ. ಹುಡುಗ ಬಾಗಿಲ ಹಿಂದೆ ತುದಿಗಾಲಲ್ಲಿ ನಿಂತು, ಕಾಲು ಹೆಣೆದು, ಮುಖ ಕೆಂಪಗೆ ಮಾಡಿಕೊಳ್ಳುತ್ತಿದ್ದ. ತಿಣುಕುತ್ತಿದ್ದಾನೆ ಅಂತ ಎಲ್ಲರೂ ಅಂದುಕೊಂಡಿದ್ದರು. ಅವನು ತಡೆದುಕೊಳ್ಳುತ್ತಿದ್ದ! ಒಮ್ಮೆ ನೋವಾಗಿದ್ದಕ್ಕೆ ಹೆದರಿಕೆ. ತಡೆದಷ್ಟೂ ಗಟ್ಟಿ, ಗಟ್ಟಿಯಾದಷ್ಟೂ ನೋವು. ಕ್ರಮೇಣ ಗುದನಾಳ ಹಿಗ್ಗಿ, ಬರುತ್ತಿದೆ ಅನ್ನೋದೇ ಗೊತ್ತಾಗಲ್ಲ. ಗಟ್ಟಿ ಉಂಡೆಯ ಪಕ್ಕದಿಂದ ತೆಳ್ಳಗಿನದು ಸೋರಿ ಚಡ್ಡಿ ಕೊಳೆಯಾಗುತ್ತದೆ. ಅದಕ್ಕೆ ಬೈಗುಳ ಬೇರೆ, ಪಾಪ.

ನಮ್ಮಮ್ಮನ ಹರಳೆಣ್ಣೆಗೆ ಅಂದೇ ವಿದಾಯ. ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಬರೆದುಕೊಟ್ಟರು. ಅದು ನೀರನ್ನು ಕರುಳಲ್ಲೇ ಹಿಡಿದಿಟ್ಟು ಮಲ ಮೆತ್ತಗೆ ಮಾಡುತ್ತದೆ. ಮೊದಲು ಕಟ್ಟಿಕೊಂಡಿದ್ದೆಲ್ಲ ಹೊರಗೆ ಹೋಗುವಷ್ಟು, ಆಮೇಲೆ ದಿನಾ ಸ್ವಲ್ಪ. ಒಂದು ವಾರ ಸಲೀಸಾಯಿತು ಅಂತ ಅಕ್ಕ ನಿಲ್ಲಿಸಲು ಹೊರಟಿದ್ದಳು. ಕಡಿಮೆ ಅಂದರೂ 2 ತಿಂಗಳು ಕೊಡಬೇಕು, ಆಮೇಲೂ ಮೆಲ್ಲಗೆ ಇಳಿಸಬೇಕು ಅಂದರು ಡಾಕ್ಟರ್. ಹಿಗ್ಗಿದ್ದು ಮೊದಲಿನಂತಾಗಲು ಅಷ್ಟು ಟೈಮ್ ಬೇಕಲ್ವಾ? ತಿಂಡಿ ಆದಮೇಲೆ ಕರುಳು ತಾನೇ ಚುರುಕಾಗುತ್ತದೆ. ಆಗ ಐದ್ಹತ್ತು ನಿಮಿಷ ಕಮೋಡ್ ಮೇಲೆ ಕೂರಿಸಬೇಕು. ಕಾಲು ಜೋತಾಡಬಾರದು ಅಂತ ಕೆಳಗೆ ಮಣೆ.

ಹುಟ್ಟಿದಾಗ ಮೊದಲ ಮಲ ಯಾವಾಗ ಹೋಗಿತ್ತು ಅಂತಲೂ ಡಾಕ್ಟರ್ ಕೇಳಿದರು. 48 ಗಂಟೆ ದಾಟಿದ್ದರೆ ಹಿರ್ಷ್‌ಸ್ಪ್ರಂಗ್ ಕಾಯಿಲೆಯ ಅನುಮಾನ. ಅದರಲ್ಲಿ ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇರಲ್ಲ, ಆಪರೇಷನ್ ಬೇಕಾಗುತ್ತದೆ. ಇವನದು ಮೊದಲ ದಿನವೇ ಹೋಗಿತ್ತು ಅಂತ ಅಮ್ಮ ಥಟ್ಟನೆ ಹೇಳಿದರು.