ಆ ಸೊನ್ನೆ ಗ್ರಾಹಕರದ್ದಾಗಿರಲಿಲ್ಲ

ನಮ್ಮ ಕಂಪನಿಯ ಹೊಸ ನೀರಿನ ಫಿಲ್ಟರ್ ಮುಂದುವರಿಯಬೇಕೇ ಎಂದು ತೀರ್ಮಾನಿಸುವ ಮೂರನೇ ಹಂತದ ಸಭೆ, ಅಂದರೆ ಗೇಟ್-3 ರಿವ್ಯೂ. ಅದರ 14ನೇ ಸ್ಲೈಡಿನಲ್ಲಿ ಒಂದೇ ಸಾಲು ದೊಡ್ಡದಾಗಿ ಕಾಣುತ್ತಿತ್ತು: ಕಾರ್ಟ್ರಿಜ್ (ನೀರು ಸೋಸುವ, ಆಯಸ್ಸು ಮುಗಿದಾಗ ಬದಲಿಸಬೇಕಾದ ಭಾಗ) ರಿಪೀಟ್, ಸೊನ್ನೆ. 16 ವಾರಗಳ ಪೈಲಟ್ (ಪ್ರಾಯೋಗಿಕ ಮಾರಾಟ), 640 ಫಿಲ್ಟರ್ ಮಾರಾಟ, ಒಂದೇ ಒಂದು ಕಾರ್ಟ್ರಿಜ್ ಕೂಡ ಮರುಖರೀದಿ ಆಗಿಲ್ಲ. “ಇದು ಟೈಪಿಂಗ್ ತಪ್ಪಾ?” ಎಂದು ಫೈನಾನ್ಸ್‌ನವರು ಕೇಳಿದರು. ಅಲ್ಲ ಎಂದೆವು. ಸೇಲ್ಸ್ ಹೆಡ್ ಪೆನ್ನಿಗೆ ಕ್ಯಾಪ್ ಹಾಕಿ ಮೇಜಿನ ಮೇಲಿಟ್ಟು, “ಮಾರ್ಕೆಟ್ ಉತ್ತರ ಕೊಟ್ಟಾಯ್ತಲ್ಲ” ಎಂದರು. ಆಮೇಲಿನ ನಾಲ್ಕು ನಿಮಿಷ ಯಾರೂ ಸ್ಲೈಡ್ ಬಿಟ್ಟು ಬೇರೆ ಕಡೆ ನೋಡಲಿಲ್ಲ. ಆ ನಾಲ್ಕು ನಿಮಿಷದಲ್ಲಿ ನಾವು ಕೊಟ್ಟ ಉತ್ತರ ಇವತ್ತಿಗೂ ಚುಚ್ಚುತ್ತದೆ. “ಜನರಲ್ಲಿ ಇನ್ನೂ ಅರಿವು ಮೂಡಿಲ್ಲ, ಜಾಗೃತಿ ಮೂಡಿಸಲು ಬಜೆಟ್ ಬೇಕು” ಎಂದೆವು. ತಪ್ಪನ್ನು ಕೊಂಡವರ ತಲೆಗೆ ಕಟ್ಟಿದೆವು. ತೀರ್ಮಾನ ಬೇಗ ಬಂತು: ಉದ್ದೇಶ ಒಳ್ಳೆಯದು, ಸಿಎಸ್‌ಆರ್ (ಕಂಪನಿಯ ಸಮಾಜಸೇವೆ) ತಂಡಕ್ಕೆ ಒಪ್ಪಿಸಿ.

ಎರಡು ದಿನ ಬಿಟ್ಟು ಎಎಸ್‌ಎಂ (ಏರಿಯಾ ಸೇಲ್ಸ್ ಮ್ಯಾನೇಜರ್) ಜೊತೆ ಬೀಟ್‌ಗೆ, ಅಂದರೆ ಅಂಗಡಿಗಳ ಸುತ್ತಿಗೆ, ಹೋಗುವ ಹುಡುಗ ಫೋನಿನಲ್ಲಿ ಹೇಳಿದ: “ಸರ್, ಕಾರ್ಟ್ರಿಜ್ ಕೇಳ್ತಾನೇ ಇದಾರೆ. ಆ್ಯಪ್ ಆರ್ಡರ್ ತಗೊಳ್ಳಲ್ಲ.”

ಆ ಆರ್ಡರ್ ಸ್ಕ್ರೀನ್ ತೆರೆದು ನೋಡಿದರೆ ಎಲ್ಲವೂ ಅಲ್ಲೇ ಇತ್ತು. ಕಾರ್ಟ್ರಿಜ್‌ಗೆ ಎಸ್‌ಕೆಯು (ಸರಕಿನ ಕೋಡ್) ಇದೆ, ಬೆಲೆ ಇದೆ, ಫೋಟೊ ಇದೆ. ಪ್ರಮಾಣದ ಖಾನೆಯಲ್ಲಿ 3 ಎಂದು ಒತ್ತಿದರೆ ಕೆಂಪಕ್ಷರ ಬರುತ್ತದೆ, ಸೇವ್ ಬಟನ್ ಮಂಕಾಗುತ್ತದೆ. 24 ಎಂದು ಒತ್ತಿದರೆ ಮಾತ್ರ ಹಸಿರು. ಸರಕುಗಳ ವಿವರದ ಪಟ್ಟಿಯಾದ ಐಟಂ ಮಾಸ್ಟರ್‌ನಲ್ಲಿ ಎಂಒಕ್ಯು (ಕನಿಷ್ಠ ಆರ್ಡರ್ ಪ್ರಮಾಣ) ಒಂದು ಕಾರ್ಟನ್, ಅಂದರೆ 24. ಉಳಿದೆಲ್ಲ ಸ್ಪೇರ್‌ಗಳಿಗೂ ಅದೇ ಇರುವುದರಿಂದ ಇದಕ್ಕೂ ಅದೇ ಕಾಪಿ ಆಗಿತ್ತು. ಮೂವರು ಕೇಳಿದರೆಂದು 24 ಕಾರ್ಟ್ರಿಜ್ ತರಿಸಿ ದುಡ್ಡು ಕಟ್ಟಿಹಾಕಿಕೊಳ್ಳಲು ಯಾವ ಸಣ್ಣ ಅಂಗಡಿಯವನೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

ಈ ಮಾತು ಮೊದಲೇ ಏಕೆ ಮೇಲೆ ಬರಲಿಲ್ಲ? ಸೇವ್ ಆಗದ ಆರ್ಡರ್ ದಾಖಲಾಗುವ ಜಾಗವೇ ಆ್ಯಪ್‌ನಲ್ಲಿಲ್ಲ. ಹುಡುಗ ಕಾಮೆಂಟ್‌ನಲ್ಲಿ ಬರೆಯಬಹುದಿತ್ತು, ಆದರೆ ಆರ್ಡರ್ ಇಲ್ಲದ ಭೇಟಿ ಪ್ರೊಡಕ್ಟಿವ್ ಕಾಲ್ (ಫಲ ಕೊಟ್ಟ ಭೇಟಿ) ಆಗುವುದಿಲ್ಲ. ಅವನ ಡ್ಯಾಶ್‌ಬೋರ್ಡ್‌ನಲ್ಲಿ ಶೇಕಡಾವಾರು ಇಳಿಯುತ್ತದೆ, ಸೋಮವಾರದ ಕಾನ್ಫರೆನ್ಸ್ ಕಾಲ್‌ನಲ್ಲಿ ಹೆಸರು ಹಿಡಿದು ಕೇಳುತ್ತಾರೆ. ಹಾಗಾಗಿ ಅವನು ಅಂಗಡಿಯವನಿಗೆ ಬೇರೆ ಯಾವುದಾದರೂ ಐಟಂ ಹಾಕಿ ಭೇಟಿಯನ್ನು ಪ್ರೊಡಕ್ಟಿವ್ ಮಾಡಿಕೊಳ್ಳುತ್ತಾನೆ. ಬೀಟ್ ಮುಗಿಸುವ ಯಾರಾದರೂ ಅದನ್ನೇ ಮಾಡುತ್ತಾರೆ. ಕೆಟ್ಟ ಸುದ್ದಿ ಹೇಳಿದವನ ಅಂಕ ಕಳೆಯುವ ಕಡೆ ಕೆಟ್ಟ ಸುದ್ದಿ ಸೊನ್ನೆಯ ರೂಪದಲ್ಲೇ ಬರುತ್ತದೆ.

ಕಂಪನಿ ಸಂಸ್ಕೃತಿ ಎಂದ ಕೂಡಲೇ ನಾವು ಟೌನ್‌ಹಾಲ್ ಭಾಷಣ, ಲಾಬಿಯ ಗೋಡೆಯಲ್ಲಿರುವ ಮೌಲ್ಯಗಳ ಪಟ್ಟಿ ನೆನೆಯುತ್ತೇವೆ. ಸಂಸ್ಥೆಗಳ ಸಂಸ್ಕೃತಿಯನ್ನು ಅಧ್ಯಯನ ಮಾಡಿದ ಎಡ್ಗರ್ ಶೈನ್ 1985ರಲ್ಲೇ ಇದನ್ನು ಮೂರು ಪದರಗಳಾಗಿ ಬಿಡಿಸಿಟ್ಟರು: ಕಣ್ಣಿಗೆ ಕಾಣುವ ಕುರುಹುಗಳು, ಬಾಯಲ್ಲಿ ಹೇಳಿಕೊಳ್ಳುವ ಮೌಲ್ಯಗಳು, ಯಾರೂ ಹೇಳದೆಯೇ ಎಲ್ಲರೂ ನಂಬಿರುವ ಗ್ರಹಿಕೆಗಳು. ಲಾಭದ ಕಂಪನಿಯೊಳಗೆ ಜನರ ಕಷ್ಟ ನೀಗಿಸುವ ಉತ್ಪನ್ನ ಮಾಡ ಹೊರಟವರು ಮುಗ್ಗರಿಸುವುದು ಈ ಮೂರನೆಯದರಲ್ಲಿ. “ನಮ್ಮ ಗ್ರಾಹಕ ಎಂದರೆ ಡಿಸ್ಟ್ರಿಬ್ಯೂಟರ್” ಎಂದು ಯಾರೂ ಎಲ್ಲೂ ಬರೆದಿಲ್ಲ. ಐಟಂ ಮಾಸ್ಟರ್‌ನ ಒಂದು ಖಾನೆಯಲ್ಲಿ 24 ಎಂದು ಬರೆದಿದೆ, ಅಷ್ಟೇ ಸಾಕು. ಆ ಖಾನೆ ತುಂಬಿದವರಿಗೆ ಬಡವರ ಮೇಲೆ ದ್ವೇಷವಿಲ್ಲ, ನಮ್ಮ ಪ್ರಾಜೆಕ್ಟಿನ ಮೇಲೆ ಹೊಟ್ಟೆಕಿಚ್ಚೂ ಇಲ್ಲ. ಅವರು ದಿನವೂ ಮಾಡುವುದನ್ನೇ ಮಾಡಿದರು.

ಸೊನ್ನೆಯಲ್ಲಿ ಇನ್ನೊಂದು ತಪ್ಪೂ ಅಡಗಿತ್ತು, ಅದು ಪೂರ್ತಿ ನಮ್ಮದು. ಕಾರ್ಟ್ರಿಜ್‌ನ ಆಯಸ್ಸು 1,500 ಲೀಟರ್. ಮನೆಯೊಂದು ದಿನಕ್ಕೆ 15 ಲೀಟರ್ ಸೋಸಿದರೆ 100 ದಿನ ಬರುತ್ತದೆ. ಪೈಲಟ್ ನಡೆದದ್ದು 112 ದಿನ. ಅಂದರೆ ರಿವ್ಯೂ ದಿನದೊಳಗೆ ಕಾರ್ಟ್ರಿಜ್ ಮುಗಿಯಬಹುದಾಗಿದ್ದದ್ದು ಮೊದಲ 12 ದಿನಗಳಲ್ಲಿ ಫಿಲ್ಟರ್ ಕೊಂಡವರಿಗೆ ಮಾತ್ರ. ಛೇದದಲ್ಲಿ 640 ಹಾಕಿದ್ದೇ ತಪ್ಪು, ಅಲ್ಲಿ ಇರಬೇಕಾದದ್ದು ಕೆಲವೇ ಡಜನ್. ಪೈಲಟ್‌ಗೆ 16 ವಾರ ಎಂದು ನಿಗದಿ ಮಾಡುವಾಗ ನಾವು ಕಾರ್ಟ್ರಿಜ್ ನೋಡಿರಲಿಲ್ಲ, ರಿವ್ಯೂ ಕ್ಯಾಲೆಂಡರ್ ನೋಡಿದ್ದೆವು. ತಿಂಗಳಿಗೊಮ್ಮೆ ಸೆಕೆಂಡರಿ (ಡಿಸ್ಟ್ರಿಬ್ಯೂಟರ್‌ನಿಂದ ಅಂಗಡಿಗೆ ಹೋದ ಮಾರಾಟ) ಎಣಿಸಿ, ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸುವ ಮನೆಯಲ್ಲಿ ಬೆಳೆದ ಕಣ್ಣಿಗೆ ನೂರು ದಿನದ ಚಕ್ರ ಕಾಣುವುದಿಲ್ಲ. ಮರುಖರೀದಿ ಅಳೆಯಬೇಕಾದರೆ ಪೈಲಟ್‌ನ ಅವಧಿ ಬಳಕೆಯ ಚಕ್ರದ ಕನಿಷ್ಠ ಎರಡೂವರೆ ಪಟ್ಟು ಇರಲಿ. ಕೊಂಡ ವಾರದ ಪ್ರಕಾರ ಗುಂಪು ಮಾಡಿ, ಅವಧಿ ಮುಗಿದವರನ್ನು ಮಾತ್ರ ಛೇದದಲ್ಲಿ ಇಡಿ. ಎಕ್ಸೆಲ್‌ನಲ್ಲಿ ಅರ್ಧ ಗಂಟೆಯ ಕೆಲಸ.

ಇಂಥ ಉತ್ಪನ್ನ ಬಡವಾಗುವ ಇನ್ನೆರಡು ಜಾಗಗಳಿವೆ. ಒಂದು, ಇನ್ಸೆಂಟಿವ್ ಶೀಟ್. ಕಮಿಷನ್ ಮೌಲ್ಯದ ಮೇಲೆ ಇದ್ದರೆ, ನಮ್ಮಲ್ಲಿ ಮೇಲ್ದರ್ಜೆಯ ಒಂದು ಮಾಡೆಲ್ ಮಾರಿ ಗಳಿಸುವುದನ್ನು ಈ ಫಿಲ್ಟರ್‌ನಿಂದ ಗಳಿಸಲು 11 ಮಾರಬೇಕಿತ್ತು. ಅದೂ ಪ್ರತಿ ಸಲ ತೊಟ್ಟಿ ತುಂಬಿಸಿ, ನೀರು ಇಳಿಯುವುದನ್ನು ತೋರಿಸಿ. ಸೇಲ್ಸ್‌ನವರಿಗೆ ಮನಸ್ಸಿಲ್ಲ ಎಂದು ದೂರುವವರು ಈ ಲೆಕ್ಕ ಹಾಕಿ ನೋಡಲಿ. ಎರಡು, ಓವರ್‌ಹೆಡ್ ಹಂಚಿಕೆ. ತಿಂಗಳಿಗೆ 10,000 ಮಾಡಬಲ್ಲ ಲೈನ್‌ನಲ್ಲಿ ಮೊದಲ ವರ್ಷ 2,000 ಮಾಡುತ್ತಿದ್ದರೆ, ಲೈನ್‌ನ ಪೂರ್ತಿ ಸ್ಥಿರ ವೆಚ್ಚ ಆ 2,000ದ ಮೇಲೆಯೇ ಕೂರುತ್ತದೆ. ಒಂದೊಂದು ಫಿಲ್ಟರ್ ಹೊರುವ ಭಾರ ಐದು ಪಟ್ಟು. ಶೀಟ್‌ನಲ್ಲಿ ನಷ್ಟ ಕೆಂಪಾಗಿ ಕಾಣುತ್ತದೆ, ಕಾಂಟ್ರಿಬ್ಯೂಷನ್ (ಬೆಲೆಯಲ್ಲಿ ಆ ಫಿಲ್ಟರ್‌ನದೇ ವೆಚ್ಚ ಕಳೆದು ಉಳಿಯುವ ಹಣ) ಪಾಸಿಟಿವ್ ಇದ್ದರೂ. ಹಳೆಯ ಉತ್ಪನ್ನಗಳಿಗೆ ಸರಿಯಾದ ಪದ್ಧತಿ ಹೊಸದನ್ನು ತೊಟ್ಟಿಲಲ್ಲೇ ಉಸಿರುಗಟ್ಟಿಸುತ್ತದೆ. ಫೈನಾನ್ಸ್‌ನವರೊಡನೆ ಗೇಟ್-1ರಲ್ಲೇ ಕೂತು, ಪೂರ್ಣ ಸಾಮರ್ಥ್ಯದ ಮೇಲೆ ಲೆಕ್ಕ ಹಾಕಿದ ಸ್ಟ್ಯಾಂಡರ್ಡ್ ಕಾಸ್ಟ್ ಒಂದು ಕಾಲಂ, ಸದ್ಯದ ಕಾಸ್ಟ್ ಇನ್ನೊಂದು ಕಾಲಂ ಎಂದು ಬರೆಸಿಕೊಳ್ಳಿ. ಗೇಟ್-3ರಲ್ಲಿ ಕೇಳಿದರೆ ಅದು ನೆಪದಂತೆ ಕೇಳಿಸುತ್ತದೆ.

ದೊಡ್ಡ ಕಂಪನಿಗಳ ದಾಖಲಾದ ಕಥೆಗಳನ್ನು ಈ ಕಣ್ಣಿನಿಂದ ಓದಿದರೆ ಬೇರೆಯೇ ಕಾಣುತ್ತದೆ. ಮೆಕ್ಸಿಕೋದ ಸಿಮೆಂಟ್ ಕಂಪನಿ ಸೆಮೆಕ್ಸ್ 1998ರಲ್ಲಿ ಗ್ವಾದಲಹಾರಾದಲ್ಲಿ ‘ಪಾತ್ರಿಮೋನಿಯೋ ಓಯ್’ ಶುರು ಮಾಡಿತು. ತಾವೇ ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟು ಮನೆ ಕಟ್ಟಿಕೊಳ್ಳುವ ಕಡಿಮೆ ಆದಾಯದ ಕುಟುಂಬಗಳಿಗಾಗಿ. ಅದಕ್ಕೂ ಮೊದಲು ತಂಡ ಒಂದು ‘ಅಜ್ಞಾನದ ಘೋಷಣೆ’ ಬರೆದುಕೊಂಡಿತು: ಈ ಗ್ರಾಹಕರ ಬಗ್ಗೆ ನಮಗೇನೂ ತಿಳಿದಿಲ್ಲ ಎಂದು. ಟನ್‌ಗಟ್ಟಲೆ ಸಿಮೆಂಟ್ ಮಾರುವ ಎಂಜಿನಿಯರುಗಳು ಹಾಗೆ ಬರೆದು ಒಪ್ಪಿಕೊಳ್ಳುವುದು ಸುಲಭದ ಮಾತಲ್ಲ. ಹೋಗಿ ಅಲ್ಲಿ ಇದ್ದು ನೋಡಿದಾಗ ಕಂಡದ್ದು, ಹೆಂಗಸರು ನಡೆಸುವ ‘ತಾಂದಾ’, ನಮ್ಮ ಚೀಟಿಯಂಥದ್ದೇ. ಯೋಜನೆಯನ್ನು ಅದರ ಮೇಲೆಯೇ ಕಟ್ಟಿದರು: ಮೂವರ ಗುಂಪು, 70 ವಾರಗಳ ಕಂತು, ಕಂತಿಗೆ ತಕ್ಕಂತೆ ಹಂತಹಂತವಾಗಿ ಸಾಮಾನು. ಬೇಕಾದಾಗ ಮಾತ್ರ ಬರುವುದರಿಂದ ಮನೆ ಮುಂದೆ ಬಿದ್ದಿರುವ ಸಿಮೆಂಟ್ ಹಾಳಾಗುವ, ಕಳುವಾಗುವ ಕಾಟವೂ ಕಡಿಮೆ. ಒಂದೇ ಸಲ ಲೋಡ್ ಇಳಿಸಿ ಬಿಲ್ ಮಾಡುವ ಪದ್ಧತಿಗೆ ಅಂಟಿಕೊಂಡಿದ್ದರೆ ಇದು ಹುಟ್ಟುತ್ತಲೇ ಇರಲಿಲ್ಲ.

ಮೊಬೈಲ್‌ನಲ್ಲಿ ಹಣ ಕಳಿಸುವ ಸೇವೆ ಎಂ-ಪೆಸಾದ ಪಾಠ ನನಗೆ ಇನ್ನೂ ಹತ್ತಿರದ್ದು. ವೊಡಾಫೋನ್‌ನೊಳಗೆ ನಿಕ್ ಹ್ಯೂಸ್, ಸೂಸಿ ಲೋನಿ ಕಟ್ಟಿದ ಯೋಜನೆ ಅದು. ಕಂಪನಿಯೊಳಗಿನ ಹಣಕ್ಕಾಗಿ ಅದು ಬೇಗ ಲಾಭ ತರುವ ಯೋಜನೆಗಳ ಜೊತೆ ಸೆಣಸಬೇಕಿತ್ತು, ಆ ಓಟದಲ್ಲಿ ಗೆಲ್ಲುವುದು ಕಷ್ಟ. ಬ್ರಿಟಿಷ್ ಸರ್ಕಾರದ ಚಾಲೆಂಜ್ ಫಂಡ್‌ನಿಂದ ಸುಮಾರು 10 ಲಕ್ಷ ಪೌಂಡ್ ಬಂತು, ಕಂಪನಿ ಅಷ್ಟನ್ನೇ ಜೋಡಿಸಿತು. 2005ರಲ್ಲಿ ಕೀನ್ಯಾದಲ್ಲಿ ಪೈಲಟ್ ಶುರುವಾದಾಗ ಉದ್ದೇಶ ಕಿರುಸಾಲದ ಕಂತು ಕಟ್ಟಿಸುವುದು. ಜನ ಅದನ್ನು ಒಬ್ಬರಿಂದೊಬ್ಬರಿಗೆ ಹಣ ಕಳಿಸಲು ಬಳಸತೊಡಗಿದರು. ನಮ್ಮಂಥವರು ಅದನ್ನು ‘ದುರ್ಬಳಕೆ’ ಎಂದು ವರದಿ ಬರೆದು ಮುಗಿಸಿಬಿಡುತ್ತಿದ್ದೆವೇನೋ. ಆ ತಂಡ ಸಾಲದ ಭಾಗವನ್ನು ಬದಿಗಿಟ್ಟು, 2007ರ ಮಾರ್ಚ್‌ನಲ್ಲಿ ‘ಮನೆಗೆ ಹಣ ಕಳಿಸಿ’ ಎಂಬ ಒಂದೇ ಮಾತಿನ ಮೇಲೆ ಅಲ್ಲಿನ ಮೊಬೈಲ್ ಕಂಪನಿ ಸಫಾರಿಕಾಮ್ ಮೂಲಕ ಮಾರುಕಟ್ಟೆಗೆ ಬಿಟ್ಟಿತು.

ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನ ನೀರು ಶುದ್ಧಿ ಪುಡಿಯ ದಾರಿ ಇನ್ನೊಂದು. 4 ಗ್ರಾಂನ ಪೊಟ್ಟಣ, 10 ಲೀಟರ್ ನೀರು. ಐದು ನಿಮಿಷ ಕಲಕಬೇಕು, ಕೆಸರು ತಳ ಸೇರುವವರೆಗೆ ಬಿಟ್ಟು ಬಟ್ಟೆಯಲ್ಲಿ ಸೋಸಬೇಕು, ಮತ್ತೆ 20 ನಿಮಿಷ ಕಾಯಬೇಕು. ಕಣ್ಣೆದುರೇ ಕೆಂಪು ನೀರು ತಿಳಿಯಾಗುತ್ತದೆ. ಅಂಗಡಿ ಸರಕಾಗಿ ಅದು ನಿಲ್ಲಲಿಲ್ಲ. ದಿನದಿನ ಈ ಕೆಲಸ ಮಾಡುವುದು ಮನೆಯ ಯಾರ ಪಾಲಿಗೋ ಬರುವ ಹೊಸ ಚಾಕರಿ. ಕಂಪನಿ ಅದನ್ನು ಮುಚ್ಚದೆ 2004ರಿಂದ ಮಕ್ಕಳ ಕುಡಿಯುವ ನೀರಿನ ಲಾಭರಹಿತ ಕಾರ್ಯಕ್ರಮವಾಗಿ ನಡೆಸಿತು. ಸಿಎಸ್‌ಆರ್‌ಗೆ ಒಪ್ಪಿಸುವುದು ಕೆಲವೊಮ್ಮೆ ಸರಿಯಾದ ಉತ್ತರವೇ, ಇದನ್ನು ಒಪ್ಪುತ್ತೇನೆ. ಆದರೆ ಅದು ಬಳಸಿದವರ ಅನುಭವ ಕೇಳಿ ಬಂದ ಉತ್ತರವಾಗಿರಬೇಕು. ನಮ್ಮ ಪ್ರಕರಣದಲ್ಲಿ ಅದು ಆರ್ಡರ್ ಸ್ಕ್ರೀನ್ ಕೊಟ್ಟ ಉತ್ತರವಾಗಿತ್ತು.

ಸಿಎಸ್‌ಆರ್‌ಗೆ ಹೋದರೆ ಏನು ಕಳೆಯುತ್ತದೆ ಎಂಬುದನ್ನು ಮ್ಯಾನೇಜ್‌ಮೆಂಟ್ ಯೋಚಿಸುವುದಿಲ್ಲ, ಇದು ನನ್ನ ನೇರ ದೂರು. ಬಜೆಟ್ ವರ್ಷಕ್ಕೊಮ್ಮೆ ಹೊಸದಾಗಿ ಬೇಡಬೇಕು. ಸರ್ವಿಸ್ ತಂಡದ ಟಿಕೆಟ್ ವ್ಯವಸ್ಥೆಯಲ್ಲಿ ಆ ಸೀರಿಯಲ್ ನಂಬರ್‌ಗಳೇ ಇರುವುದಿಲ್ಲ, ಹಾಗಾಗಿ ನಲ್ಲಿ ಸೋರಿದರೆ ಹೇಳಲು ದಿಕ್ಕಿಲ್ಲ. ಫಿಲ್ಟರ್ ಹಂಚಿದ ಫೋಟೊ ವಾರ್ಷಿಕ ವರದಿಗೆ ಹೋಗುತ್ತದೆ, 101ನೇ ದಿನ ಕಾರ್ಟ್ರಿಜ್ ಕೊಡುವವರು ಯಾರೂ ಇಲ್ಲ. ಕಾರ್ಟ್ರಿಜ್ ಮುಗಿದ ಫಿಲ್ಟರ್ ಇಲ್ಲದ ಫಿಲ್ಟರ್‌ಗಿಂತ ಅಪಾಯ, ಏಕೆಂದರೆ ಮನೆಯವರು ಅದರ ನೀರನ್ನು ನಂಬಿ ಮಗುವಿಗೆ ಕುಡಿಸುತ್ತಾರೆ. ಬಂದವರಿಗೂ ಅದನ್ನೇ ಕೊಡುತ್ತಾರೆ.

ಈಗ ನಮ್ಮ ತಂಡ ಗೇಟ್-1ಕ್ಕೂ ಮೊದಲು ಒಂದು ದಿನ ಮೀಸಲಿಡುತ್ತದೆ. ಹೊಸ ಐಟಂನ ಹೆಸರಿನಲ್ಲಿ ಒಂದು ಡಮ್ಮಿ ಆರ್ಡರ್ ಹಾಕಿ, ಅದು ಕಂಪನಿಯೊಳಗೆ ಎಲ್ಲೆಲ್ಲಿ ಹಾದುಹೋಗುತ್ತದೋ ಅಲ್ಲೆಲ್ಲ ಹಿಂದೆಯೇ ನಡೆಯುವುದು: ಆ್ಯಪ್, ಡಿಪೋ, ಬಿಲ್ಲಿಂಗ್, ಕ್ರೆಡಿಟ್ ಲಿಮಿಟ್, ವಾಪಸಾತಿ, ವಾರಂಟಿ. ಒಂದೇ ಪೀಸ್, ಚಿಕ್ಕ ಅಂಗಡಿ, ನಗದು. ಆರ್ಡರ್ ಎಲ್ಲಿ ನಿಲ್ಲುತ್ತದೋ ಅಲ್ಲಿ ಆ ನಿಯಮ ಯಾರದು, ಯಾವ ಕಾಲದಲ್ಲಿ ಯಾವ ಗ್ರಾಹಕನಿಗಾಗಿ ಬಂತು ಎಂದು ಕೇಳಿ ಬರೆದುಕೊಳ್ಳುತ್ತೇವೆ. ಮೊದಲ ಸಲ ನಡೆದಾಗ ಏಳು ಕಡೆ ನಿಂತಿತು. ಎರಡು ನಿಯಮ ಯಾರದೆಂದು ಯಾರಿಗೂ ಗೊತ್ತಿರಲಿಲ್ಲ, ಫೋನ್ ಮಾಡಿದ ಮಧ್ಯಾಹ್ನವೇ ತೆಗೆದುಹಾಕಿದರು. ಹಾಗೆಯೇ, ಆ್ಯಪ್‌ನಲ್ಲಿ ‘ಕೇಳಿದರು, ಕೊಡಲಾಗಲಿಲ್ಲ’ ಎಂಬ ಬಟನ್ ಹಾಕಿಸಿದೆವು. ಅದನ್ನು ಒತ್ತಿದ ಭೇಟಿ ಪ್ರೊಡಕ್ಟಿವ್ ಕಾಲ್ ಎಂದೇ ಲೆಕ್ಕಕ್ಕೆ ಬರುವಂತೆ ಮಾಡಲು ಬಟನ್‌ಗಿಂತ ಮೂರು ಪಟ್ಟು ಹೆಚ್ಚು ಮೀಟಿಂಗ್ ಹಿಡಿಯಿತು. ಅದಿಲ್ಲದಿದ್ದರೆ ಬಟನ್ ಒತ್ತುವವರೇ ಇರುತ್ತಿರಲಿಲ್ಲ.

ಎರಡನೇ ಪೈಲಟ್ 36 ವಾರದ್ದು. ಕಾರ್ಟ್ರಿಜ್‌ನ ಎಂಒಕ್ಯು ಈಗ 1. ಖಾಲಿ ಕಾರ್ಟ್ರಿಜ್ ತಂದು ಕೊಟ್ಟವರ ಕೊಂಡ ತಾರೀಖನ್ನು ಅಂಗಡಿಯವರು ಅದರ ಮೇಲೆಯೇ ಮಾರ್ಕರ್‌ನಿಂದ ಬರೆದಿಡುತ್ತಾರೆ. ವಾರಕ್ಕೊಮ್ಮೆ ಬೀಟ್‌ನ ಹುಡುಗ ಆ ತಾರೀಖುಗಳನ್ನು ಫೋಟೊ ತೆಗೆದು ಕಳಿಸುತ್ತಾನೆ. ಮೊದಲು ಬಂದ ಫೋಟೊದಲ್ಲಿ ಐದು ಕಾರ್ಟ್ರಿಜ್ ಇದ್ದವು, ಒಂದರ ಮೇಲೆ 83 ದಿನದ ಹಿಂದಿನ ತಾರೀಖು. ಆ ಮನೆಯವರು ದಿನಕ್ಕೆ 15 ಅಲ್ಲ, 18 ಲೀಟರ್ ಸೋಸುತ್ತಿದ್ದಾರೆ. ಛೇದದ ಲೆಕ್ಕವನ್ನು ಅದರಂತೆ ತಿದ್ದುತ್ತಿದ್ದೇವೆ.