ಅವಳಲ್ಲ, ಅವನು

ಒಂಬತ್ತು ತಿಂಗಳು, ಪ್ರತಿ ವಾರ ಎ.ಎ. (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಬೇಕೆನ್ನುವವರ ಕೂಟ) ಸಭೆಯಲ್ಲಿ ನಾನು ಹೇಳುತ್ತಿದ್ದದ್ದು ಒಂದೇ: ‘ಅವಳು ಬಿಟ್ಟು ಹೋದಳು, ಕುಡಿತ ಹೆಚ್ಚಾಯಿತು.’ ಹೋದವನು ಅವನು. ಕನ್ನಡದಲ್ಲಿ ಇದನ್ನು ಮುಚ್ಚಿಡುವುದು ಬಲು ಕಷ್ಟ. ಕ್ರಿಯಾಪದದ ಬಾಲದಲ್ಲೇ ಗಂಡೋ ಹೆಣ್ಣೋ ಗೊತ್ತಾಗಿಬಿಡುತ್ತದೆ. ಒಂದೊಂದು ಮಾತನ್ನೂ ನಾಲಿಗೆಯ ಮೇಲೇ ತಿದ್ದಿ ತಿದ್ದಿ ದಣಿಯುತ್ತಿದ್ದೆ. ದಣಿದಾಗಲೇ ಕುಡಿಯುವ ಆಸೆ ಏಳುತ್ತಿತ್ತು.

ನಮ್ಮಂಥವರಿಗೆ ಕುಡಿತ ಅಂಟಿದ್ದಕ್ಕೆ ಬೇರೆಯದೇ ಕಾರಣ ಇತ್ತು. ಬಾಟಲಿ ತೆರೆದ ಕೋಣೆಯಲ್ಲಿ ಮಾತ್ರ ನಾವು ಒಬ್ಬರನ್ನೊಬ್ಬರು ಧೈರ್ಯವಾಗಿ ನೋಡುತ್ತಿದ್ದೆವು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು, ಗಂಡು ಗಂಡು ಕೂಡುವುದನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಭಯ ತೆಗೆದಾಗ ನಾವಿಬ್ಬರೂ ಸಂಭ್ರಮಪಟ್ಟದ್ದೂ ಕುಡಿದೇ.

ಅವನ ಮದುವೆಯ ದಿನ ಸಂಜೆ ಬೆಳಗಾವಿ ಬಸ್ ನಿಲ್ದಾಣದ ಹತ್ತಿರ ಒಂದು ಬಾರಿನೆದುರು ನಿಂತಿದ್ದೆ. ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ನಮ್ಮ ಸಭೆಗೇ ಬರುವ ಮಂಗಳಮುಖಿ, ಕುಡಿತ ಬಿಟ್ಟು ಆರು ವರ್ಷ. ಏನಾಯಿತು ಎಂದು ಕೇಳಲಿಲ್ಲ.

‘ಉಂಡಿಯೇನ ತಮ್ಮಾ?’

‘ಇಲ್ಲ.’

‘ಅಲ್ಲೇ ನಿಂದ್ರು. ಬರಾಕತ್ತೀನಿ.’

ಆಸೆ ಎದ್ದಾಗ ಹಸಿವೇ, ಸಿಟ್ಟೇ, ಒಂಟಿತನವೇ, ದಣಿವೇ ಎಂದು ನೋಡಿಕೊಳ್ಳಬೇಕು ಅಂತ ಸಭೆಯಲ್ಲಿ ಕಲಿಸುತ್ತಾರೆ. ಅವತ್ತು ನನಗೆ ನಾಲ್ಕೂ ಇದ್ದವು. ಅಕ್ಕ ಮೊದಲನೆಯದನ್ನು ಗಿರಮಿಟ್ಟು, ಮಿರ್ಚಿಯಿಂದ ನೀಗಿಸಿದಳು. (ಕುಡಿತ ಬಿಡಿಸುವುದು ಇಷ್ಟರಿಂದಲೇ ಆಗುವುದಿಲ್ಲ. ಮೊದಲ ವಾರ ಕೈನಡುಕ ಹತ್ತಿದಾಗ ನನಗೆ ಡಾಕ್ಟರೇ ಬೇಕಾಯಿತು. ದಿನಾ ಕುಡಿಯುವವರು ಒಬ್ಬರೇ ಒಮ್ಮೆಲೇ ಬಿಡಲು ಹೋಗಬಾರದು, ಜೀವಕ್ಕೇ ಅಪಾಯ.)

ಕೋಟೆ ಕೆರೆಯ ದಂಡೆಯಲ್ಲಿ ಕೂತು, ‘ಇವತ್ತ ಅವನ ಮದುವಿ’ ಅಂದೆ. ‘ಅವನ’ ಎಂಬುದು ತಾನಾಗಿ ಬಂತು. ಅಕ್ಕ ಹೌಹಾರಲಿಲ್ಲ.

‘ಮೂರನೇ ವಾರಕ್ಕ ಗೊತ್ತಾಗಿತ್ತು. ನೀನಾಗೇ ಹೇಳ್ಲಿ ಅಂತ ಕಾದೆ. ನಾನೂ ಮದಲ ಎರಡ ವರ್ಷ ಅಂಗಿ ಪ್ಯಾಂಟ ಹಾಕ್ಕೊಂಡ ಹೋಗ್ತಿದ್ದೆ, ಗಂಡಸರಂಗ ಮಾತಾಡ್ತಿದ್ದೆ. ಮೂರ ಸಲ ಮತ್ತ ಕುಡದೆ.’

ಅದಕ್ಕಿಂತ ಹೆಚ್ಚು ಬುದ್ಧಿಮಾತು ಹೇಳಲಿಲ್ಲ. ಆಗ ನನಗೆ ಬೇಕಾಗಿದ್ದದ್ದೂ ಅಷ್ಟೇ. 1935ರಲ್ಲಿ ಅಮೆರಿಕದ ಅಕ್ರನ್ ಊರಲ್ಲಿ ಇಬ್ಬರು ಕುಡುಕರು ಎದುರುಬದುರು ಕೂತು ಮಾತಾಡಿದ್ದರಿಂದಲೇ ಎ.ಎ. ಹುಟ್ಟಿದ್ದು. ಒಳಗೆ ಬರಲು ಕುಡಿತ ಬಿಡುವ ಆಸೆಯೊಂದಿದ್ದರೆ ಸಾಕು, ಯಾರನ್ನು ಪ್ರೀತಿಸುತ್ತೀ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಹಾಗೆಂದು ಹೇಳುವ ಹೆದರಿಕೆ ಹೋಗುತ್ತದೆಯೇ? ಅದೇ ಹೆದರಿಕೆ ಕಂಡವರೊಬ್ಬರು ಪಕ್ಕದಲ್ಲಿ ಬೇಕು.

ಮುಂದಿನ ವಾರ ಅಕ್ಕ ಪಕ್ಕದ ಕುರ್ಚಿಯಲ್ಲಿದ್ದಳು. ನಾನು ಎದ್ದು, ‘ಅವನು ಬಿಟ್ಟು ಹೋದ’ ಅಂದೆ. ಒಂದು ಕ್ಷಣ ಫ್ಯಾನಿನ ಸಪ್ಪಳವಷ್ಟೇ ಕೇಳುತ್ತಿತ್ತು. ಎದುರಿಗಿದ್ದ ಹಿರಿಯರೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡು, ‘ಮುಂದ ಹೇಳಪಾ’ ಅಂದರು.