ಹಳೆಯ 350 ಎಂಜಿನ್‌ಗೆ ಹೊಸ ಡ್ಯಾಂಪರ್: ಕೆಲಸ ಇಲ್ಲಿಗೆ ಬಂತು

ಷೆವರ್ಲೆ 350 ಸ್ಮಾಲ್ ಬ್ಲಾಕ್ (350 ಘನ ಇಂಚಿನ ವಿ8) ಎಂಜಿನ್‌ನ ಮುಂಭಾಗದ ಕೆಲಸ ಬಹುತೇಕ ಮುಗಿದಿದೆ. 1970ರ ದಶಕದ ಈ ಎಂಜಿನ್‌ನಲ್ಲಿ ಕ್ರ್ಯಾಂಕ್‌ಶಾಫ್ಟ್‌ನ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡದ) ಮುಂದಿನ ತುದಿಗೆ ಕಾರ್ಖಾನೆಯಲ್ಲಿ ಕೂರಿಸಿದ ಡ್ಯಾಂಪರೇ ಇನ್ನೂ ಇತ್ತು. ಒಳಗಿನ ಹಬ್‌ಗೂ ಹೊರಗಿನ ಕಬ್ಬಿಣದ ಉಂಗುರಕ್ಕೂ ನಡುವೆ ಇರುವ ರಬ್ಬರು ಕಲ್ಲಿನಂತಾಗಿತ್ತು. ಒಂದು ಕಡೆ ಹೊರಕ್ಕೆ ಉಬ್ಬಿ ಬಂದಿತ್ತು, ಉಗುರಿನಿಂದ ಕೆರೆದರೆ ಕಪ್ಪು ಪುಡಿ ಉದುರುತ್ತಿತ್ತು.

ಡ್ಯಾಂಪರ್ ಅಂದರೆ ಬೆಲ್ಟ್ ತಿರುಗಿಸುವ ಪುಲ್ಲಿ ಅಂತಲೇ ಹಲವರು ತಿಳಿದಿರುತ್ತಾರೆ. ಅದರ ನಿಜವಾದ ಕೆಲಸ ಬೇರೆ. ಒಂದೊಂದು ಸಿಲಿಂಡರ್ ಉರಿದಾಗಲೂ ಕ್ರ್ಯಾಂಕ್‌ಶಾಫ್ಟ್ ಒಂದಿಷ್ಟು ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಹಿಂದಿನ ತುದಿಯನ್ನು ಭಾರದ ಫ್ಲೈವೀಲ್ ಹಿಡಿದಿರುವುದರಿಂದ ಈ ಓಲಾಟ ಹೆಚ್ಚಾಗಿ ಕಾಣುವುದು ಮುಂದಿನ ತುದಿಯಲ್ಲಿ. ಕೆಲವು ವೇಗಗಳಲ್ಲಿ ಉರಿಯುವ ತಾಳವೂ ಶಾಫ್ಟ್‌ನ ಸಹಜ ಕಂಪನವೂ ಒಂದಕ್ಕೊಂದು ಕೂಡಿಕೊಂಡರೆ ಓಲಾಟ ಬೆಳೆಯುತ್ತಾ ಹೋಗುತ್ತದೆ. ಆಗ ಹೊರಗಿನ ಉಂಗುರ ತನ್ನ ಜಡತ್ವದಿಂದ ಎದುರು ನಿಲ್ಲುತ್ತದೆ, ನಡುವಿನ ರಬ್ಬರು ಆ ಶಕ್ತಿಯನ್ನು ಶಾಖವಾಗಿ ಕರಗಿಸುತ್ತದೆ. ರಬ್ಬರು ಸತ್ತರೆ ಈ ಕಾಪು ಹೋದಂತೆಯೇ. ಡ್ಯಾಂಪರ್ ತೆಗೆದು ಹಗುರವಾದ ಗಟ್ಟಿ ಅಲ್ಯೂಮಿನಿಯಂ ಪುಲ್ಲಿ ಹಾಕುವುದನ್ನು ನಾನು ಒಪ್ಪದಿರುವುದು ಇದಕ್ಕೇ. ಎಂಜಿನ್ ಚುರುಕಾಗಿ ಏರುವುದೇನೋ ನಿಜ, ಆದರೆ ಅದರ ಬೆಲೆಯನ್ನು ಕ್ರ್ಯಾಂಕ್ ತೆರುತ್ತದೆ.

ಬಿಚ್ಚುವ ಮೊದಲು ಒಂದು ಅಳತೆ ತೆಗೆದುಕೊಂಡೆ. ಬ್ಯಾಟರಿ ಕಳಚಿ, ಮೊದಲನೇ ಸಿಲಿಂಡರ್‌ನ ಪ್ಲಗ್ ಜಾಗಕ್ಕೆ ಪಿಸ್ಟನ್ ಸ್ಟಾಪ್ (ಪಿಸ್ಟನ್ ಪೂರ್ತಿ ಮೇಲೇರದಂತೆ ತಡೆಯುವ ಬೋಲ್ಟ್) ತಿರುಗಿಸಿ ಕೂರಿಸಿದೆ. ಕ್ರ್ಯಾಂಕನ್ನು ಕೈಯಿಂದ ಮೆಲ್ಲಗೆ ಒಂದು ದಿಕ್ಕಿಗೆ ತಿರುಗಿಸಿ ತಡೆದ ಕಡೆ ಗುರುತು, ಇನ್ನೊಂದು ದಿಕ್ಕಿಗೆ ತಿರುಗಿಸಿ ತಡೆದ ಕಡೆ ಇನ್ನೊಂದು ಗುರುತು. ಎರಡರ ನಟ್ಟನಡುವೆ ನಿಜವಾದ ಟಾಪ್ ಡೆಡ್ ಸೆಂಟರ್, ಅಂದರೆ ಪಿಸ್ಟನ್ ತೀರಾ ಮೇಲಿರುವ ಜಾಗ. ಆ ಜಾಗ ತೋರಿಸಬೇಕಾದ, ಉಂಗುರದ ಮೇಲಿನ ಹಳೆಯ ಗೆರೆ ಅಲ್ಲಿಂದ ಸುಮಾರು 13 ಮಿಲಿಮೀಟರ್ ಹಿಂದೆ ಬಿದ್ದಿತ್ತು. 6¾ ಇಂಚಿನ ಡ್ಯಾಂಪರ್‌ನಲ್ಲಿ ಒಂದು ಡಿಗ್ರಿ ಅಂದರೆ ಹೆಚ್ಚುಕಡಿಮೆ 1.5 ಮಿಲಿಮೀಟರ್. ಅಂದರೆ ಉಂಗುರ ಹಬ್ ಮೇಲೆ 8–9 ಡಿಗ್ರಿ ಜಾರಿದೆ! ಕಿಡಿ ಹಾರುವ ಕ್ಷಣವನ್ನು ತೋರಿಸುವ ಟೈಮಿಂಗ್ ಲೈಟ್‌ನಲ್ಲಿ 8 ಡಿಗ್ರಿ ಮುಂಚೆ ಅಂತ ತೋರಿಸುತ್ತಿದ್ದಾಗ ಕಿಡಿ ಹಾರುತ್ತಿದ್ದದ್ದು ಪಿಸ್ಟನ್ ಮೇಲಕ್ಕೆ ಮುಟ್ಟುವ ಹೊತ್ತಿಗೆ. ಗಾಡಿಯ ಸೋಮಾರಿತನಕ್ಕೂ ಬಿಸಿಗೂ ಕಾರ್ಬ್ಯುರೇಟರ್ ಕಾರಣವಲ್ಲ ಅನ್ನುವುದು ಅಲ್ಲಿಗೆ ಖಚಿತವಾಯಿತು.

ಆದರೆ 8 ಡಿಗ್ರಿ ವ್ಯತ್ಯಾಸ ಕಂಡಕೂಡಲೇ ಜಾರಿದೆ ಅಂದುಬಿಡಬಾರದು. 1969ಕ್ಕೆ ಮುಂಚಿನ ಸ್ಮಾಲ್ ಬ್ಲಾಕ್ ಡ್ಯಾಂಪರ್‌ಗಳಲ್ಲಿ ಗೆರೆ ಕೀವೇಗಿಂತ (ಹಬ್ ಕ್ರ್ಯಾಂಕ್ ಮೇಲೆ ತಿರುಗದಂತೆ ಕೀಲಿ ಕೂರುವ ಸೀಳಿಗಿಂತ) 2 ಡಿಗ್ರಿ ಮುಂದಿರುತ್ತದೆ, ಆಮೇಲಿನವುಗಳಲ್ಲಿ 10 ಡಿಗ್ರಿ. ಗೆರೆಯ ಎದುರು ಎಂಜಿನ್ ಮೇಲಿರುವ ಪಾಯಿಂಟರ್ ಒಂದು ಕಾಲದ್ದು, ಡ್ಯಾಂಪರ್ ಇನ್ನೊಂದು ಕಾಲದ್ದು ಆದರೂ ಇದೇ 8 ಡಿಗ್ರಿ ತಪ್ಪು ಬರುತ್ತದೆ. ಹಾಗಾಗಿ ಗೆರೆಗೂ ಕೀವೇಗೂ ಇರುವ ಅಂತರವನ್ನು ಬಿಚ್ಚಿದ ಮೇಲೆ ಬೇರೆಯಾಗಿ ಅಳೆದೆ. ನನ್ನದು ಜಾರಿದ್ದೇ.

ತೆಗೆಯುವಾಗ ಹಬ್‌ನ ಮೂರು ಬೋಲ್ಟ್ ತೂತುಗಳಿಗೆ ಕಚ್ಚಿಸುವ ಪುಲ್ಲರನ್ನೇ ಬಳಸಬೇಕು. ಕೊಕ್ಕೆಯ ಪುಲ್ಲರ್ ಹೊರಗಿನ ಉಂಗುರವನ್ನು ಹಿಡಿದು ಎಳೆಯುತ್ತದೆ, ರಬ್ಬರು ಕಿತ್ತುಬರುತ್ತದೆ. ಹಬ್‌ನ ಮೇಲೆ ಆಯಿಲ್ ಸೀಲ್ ಉಜ್ಜಿ ಮೂಡಿದ ಗೀರು ಕೈಗೆ ಸಿಗುವಷ್ಟು ಆಳವಾಗಿತ್ತು, ಸೀಲ್ ಕೂಡ ಬದಲಾಯಿಸಿದೆ.

ಹೊಸದನ್ನು ಆರಿಸುವಾಗ ಬ್ಯಾಲೆನ್ಸ್ ನೋಡಲೇಬೇಕು. 350ರ ಡ್ಯಾಂಪರ್‌ನಲ್ಲಿ ಹೆಚ್ಚುವರಿ ತೂಕ ಇರುವುದಿಲ್ಲ, 400 ಎಂಜಿನ್‌ನದ್ದರಲ್ಲಿ ಒಂದು ಬದಿಗೆ ತೂಕ ಇರುತ್ತದೆ. ಅದನ್ನು ತಂದು ಇದಕ್ಕೆ ಹಾಕಿದರೆ ಎಂಜಿನ್ ಇಡೀ ನಡುಗುತ್ತದೆ. ಸಿಲಿಕೋನ್ ದ್ರವ ತುಂಬಿದ ಬಗೆಯೂ ಇದೆ. ಅದು ಒಂದೇ ಕಂಪನಕ್ಕೆ ಹೊಂದಿಸಿದ್ದಲ್ಲ, ಅಗಲವಾದ ವೇಗದ ಹರವಿನಲ್ಲಿ ಕೆಲಸ ಮಾಡುತ್ತದೆ. ನನ್ನ ಕ್ರ್ಯಾಂಕ್ ಕಾರ್ಖಾನೆಯದ್ದೇ, ಓಡಿಸುವುದು ರಸ್ತೆಯಲ್ಲಿ. ಗಟ್ಟಿಯಾಗಿ ಅಂಟಿಸಿದ ರಬ್ಬರಿನದೇ ಸಾಕು ಅನ್ನಿಸಿತು. ಉಂಗುರದ ಸುತ್ತಲೂ ಡಿಗ್ರಿ ಕೆತ್ತಿರುವುದು ನನಗೆ ತುಂಬಾ ಇಷ್ಟವಾಯಿತು.

ಹಬ್ ಕ್ರ್ಯಾಂಕ್ ಮೂತಿಯ ಮೇಲೆ ಬಿಗಿಯಾಗಿ ಕೂರಬೇಕು, ಹಬ್‌ನ ತೂತು ಮೂತಿಗಿಂತ ಇಂಚಿನ ಸಾವಿರದಲ್ಲೊಂದು ಭಾಗದಷ್ಟೇ ಚಿಕ್ಕದು. ಎರಡನ್ನೂ ಮೈಕ್ರೋಮೀಟರ್‌ನಲ್ಲಿ ನೋಡಿಕೊಂಡೆ. ಸುತ್ತಿಗೆಯಲ್ಲಿ ಬಡಿದು ಕೂರಿಸುವುದು ಬೇಡವೇ ಬೇಡ. ಏಟು ಹೋಗಿ ಬೀಳುವುದು ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ಹಿಡಿಯುವ ಥ್ರಸ್ಟ್ ಬೇರಿಂಗ್ ಮೇಲೆ. ಕ್ರ್ಯಾಂಕ್ ಮೂತಿಯ ಬೋಲ್ಟ್ ತೂತಿಗೆ ಇನ್‌ಸ್ಟಾಲರ್‌ನ (ಡ್ಯಾಂಪರ್ ಕೂರಿಸುವ ಸಾಧನದ) ಸ್ಟಡ್ ಆಳವಾಗಿ ತಿರುಗಿಸಿ, ನಟ್ ಬಿಗಿಮಾಡುತ್ತಾ ಎಳೆದೆ. ಸೀಲ್ ತುಟಿಗೆ ಗ್ರೀಸ್, ಕೀವೇಗೆ ಒಂಚೂರು ಸಿಲಿಕೋನ್ ಸೀಲೆಂಟ್. ಹಬ್ ಒಳಗಿನ ಗೇರ್‌ಗೆ ತಾಗಿದಾಗ ಸ್ಪ್ಯಾನರ್ ತಟ್ಟನೆ ಬಿಗಿಯಾಗುತ್ತದೆ, ಕೈಗೇ ಗೊತ್ತಾಗುತ್ತದೆ. ಆಮೇಲೆ ದಪ್ಪ ವಾಷರ್‌ನೊಂದಿಗೆ ನಡುವಿನ ಬೋಲ್ಟ್‌ಗೆ 60 ಪೌಂಡ್-ಅಡಿ, ಅಂದರೆ 81 ನ್ಯೂಟನ್ ಮೀಟರ್. ಪಿಸ್ಟನ್ ಸ್ಟಾಪ್ ಹಾಕಿ ಮತ್ತೆ ನೋಡಿದೆ: ಸೊನ್ನೆ ಗೆರೆ ಪಾಯಿಂಟರ್‌ನ ನೆತ್ತಿಗೇ ಬಂತು.

ಪುಲ್ಲಿಗಳದ್ದು ಬೇಗ ಮುಗಿಯಿತು. ಬೆಲ್ಟ್ ನಿಧಾನ ಮಾಡುವ ಚಿಕ್ಕ ಕ್ರ್ಯಾಂಕ್ ಪುಲ್ಲಿ ಬೇಡ ಎಂದೆ, ಐಡಲಿಂಗ್‌ನಲ್ಲಿ ಆಲ್ಟರ್ನೇಟರ್ ಮತ್ತು ವಾಟರ್ ಪಂಪ್ ಎರಡೂ ಸೊರಗುತ್ತವೆ. ಉದ್ದ ಬಗೆಯ ವಾಟರ್ ಪಂಪ್‌ಗೆ ಅದರದ್ದೇ ಪುಲ್ಲಿ ಬೇಕು. ಇಲ್ಲದಿದ್ದರೆ ಬೆಲ್ಟ್ ಓರೆಯಾಗುತ್ತದೆ. ನೇರಪಟ್ಟಿ ಹಿಡಿದಾಗ ಆಲ್ಟರ್ನೇಟರ್ 2 ಮಿಲಿಮೀಟರ್ ಹಿಂದಿತ್ತು, ಬ್ರಾಕೆಟ್‌ಗೆ ಶಿಮ್ (ತೆಳು ಬಿಲ್ಲೆ) ಕೊಟ್ಟೆ.

ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಪೈಪ್ ಕಳಚಿ ಮುಚ್ಚಿ, ಟೈಮಿಂಗ್ 8 ಡಿಗ್ರಿಗೆ ಇಟ್ಟು ಓಡಿಸಿದ್ದಾಯಿತು. ಥ್ರಾಟಲ್ ಒತ್ತಿದರೆ ಹಿಂಜರಿಕೆ ಇಲ್ಲದೆ ಏರುತ್ತದೆ. ಹೊಸ ಬೆಲ್ಟ್ ಒಂದಷ್ಟು ಓಡಿ ಸಡಿಲವಾದ ಮೇಲೆ ಮತ್ತೆ ಬಿಗಿಮಾಡಬೇಕು, ನಂತರ ಡಿಸ್ಟ್ರಿಬ್ಯೂಟರ್‌ನ ವೆಯ್ಟ್ ಮತ್ತು ಸ್ಪ್ರಿಂಗ್ ನೋಡಿ ಒಟ್ಟು ಅಡ್ವಾನ್ಸ್ (ವೇಗ ಏರಿದಾಗ ಕಿಡಿ ಒಟ್ಟು ಎಷ್ಟು ಡಿಗ್ರಿ ಮುಂಚೆ ಹಾರುತ್ತದೆ ಅನ್ನುವುದು) ಅಳೆಯುವುದಿದೆ.